ಗಂಡಸರಿಗೆ ಸೈಟು, ಹೆಂಗಸರಿಗೆ ಸೊನ್ನೆ

ಆಸ್ಪತ್ರೆಯಲ್ಲಿ ನಗುವಂಥದ್ದು ಏನಿರುತ್ತೆ ಎಂದು ಕೇಳುವವರಿಗೆ ನಾನು ಕೆಲಸ ಮಾಡಿದ ಕೋಣೆ ಗೊತ್ತಿಲ್ಲ. ಅಲ್ಲಿ ವಾರಕ್ಕೊಂದಾದರೂ ಇಂಥದ್ದು ನಡೆಯದೆ ಇರುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆ. ಮನೆತನದಲ್ಲಿ ಇಳಿದು ಬರುವ ಕಾಯಿಲೆಯವರು ಬಂದರೆ ಅವರ ವಂಶವೃಕ್ಷ ಬರೆಯುವುದು ನನ್ನ ಕೆಲಸ. ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ. ಕಾಯಿಲೆ ಇದ್ದರೆ ಪೂರ್ತಿ ಕಪ್ಪು; ತಾನು ಚೆನ್ನಾಗಿದ್ದು ಅದರ ಅಂಶವನ್ನಷ್ಟೇ ಹೊತ್ತಿದ್ದರೆ ಅರ್ಧ ಕಪ್ಪು. ಮಧ್ಯಾಹ್ನದ ಹೊತ್ತು ಕಿಟಕಿಯಾಚೆಯ ಹೊಂಗೆ ಮರದ ನೆರಳು ಹಾಳೆಯ ಮೇಲೆ ಅಲ್ಲಾಡುತ್ತಿತ್ತು. ಯಾರದೋ ಮುತ್ತಜ್ಜ, ಮುತ್ತಜ್ಜಿಯರು ಎದ್ದು ಮೆಲ್ಲಗೆ ಓಡಾಡುತ್ತಿದ್ದಾರೆ ಅನ್ನಿಸಿ, ಎಷ್ಟೋ ಸಲ ಪೆನ್ಸಿಲ್ ಹಿಡಿದೇ ಕನಸಿಗೆ ಜಾರಿದ್ದೇನೆ. ಆ ಕನಸಿನಿಂದ ನನ್ನನ್ನು ಎಬ್ಬಿಸುತ್ತಿದ್ದವರು ವಿದ್ಯಾರಣ್ಯಪುರಂನ ಒಬ್ಬರು ಅಜ್ಜಿ.

೧. ಇಂಕು

ಅಜ್ಜಿ ಮಗಳ ಕಡೆಯ ದೊಡ್ಡ ಮೊಮ್ಮಗಳನ್ನು ತಮ್ಮ ಹಿರಿಯ ಮಗನಿಗೇ ತಂದುಕೊಂಡಿದ್ದರು. ಸೋದರಮಾವನಿಗೆ ಕೊಡುವುದು ಅವರಲ್ಲಿ ನಡೆದುಬಂದದ್ದು. ಆ ಇಬ್ಬರ ಮಗುವಿಗೆ ಥಲಸ್ಸೀಮಿಯಾ, ಮೈ ತಾನೇ ಸಾಕಷ್ಟು ರಕ್ತ ಮಾಡಿಕೊಳ್ಳಲಾರದ ಕಾಯಿಲೆ. ಮೂರು ವಾರಕ್ಕೊಮ್ಮೆ ರಕ್ತ ಕೊಡಿಸಬೇಕು. ಐದು ವರ್ಷದ ಆ ಹುಡುಗನನ್ನು ಅಜ್ಜಿಯೇ ಸಿಟಿ ಬಸ್ಸಿನಲ್ಲಿ ಕರೆತರುತ್ತಿದ್ದರು.

ಚಿಕ್ಕ ಮೊಮ್ಮಗಳನ್ನು ಕಿರಿಯ ಮಗನಿಗೆ ಕೊಡುವುದೆಂದು ತೊಟ್ಟಿಲಲ್ಲೇ ಮಾತಾಗಿತ್ತು. ಮೊದಲು ಇಬ್ಬರ ರಕ್ತವನ್ನೂ ಪರೀಕ್ಷೆ ಮಾಡಿಸಿ ಎಂದು ಡಾಕ್ಟರು ಹೇಳಿದರೆ ಅಜ್ಜಿ ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಹಾಳೆಯನ್ನು ಮಾತ್ರ ಬಗ್ಗಿ ನೋಡಿದರು.

"ಗಂಡಸರಿಗೆಲ್ಲ ಸೈಟು, ನಮಗೆ ಸೊನ್ನೆ. ಇಲ್ಲೂ ಅಂಗೇನಾ?"

ಕಾಯಿಲೆ ಯಾರ ಕಡೆಯಿಂದ ಬಂದಿರಬಹುದು ಎಂದು ಕೇಳಿದೆ. ತೀರಿಕೊಂಡ ಯಜಮಾನರ ಕಡೆಯಿಂದ, ಅದರಲ್ಲಿ ಅನುಮಾನವೇ ಇಲ್ಲ ಎಂದರು. ಅವರಿಗೆ ಸಿಟ್ಟು ಬಂದರೆ ಮುಖ ಬೆಳ್ಳಗಾಗುತ್ತಿತ್ತಂತೆ. ನಿಮ್ಮ ರಕ್ತ ನೋಡಿದರೆ ಖಚಿತವಾಗುತ್ತೆ ಅಂದದ್ದಕ್ಕೆ ಅಜ್ಜಿ ಚೀಲ ಎತ್ತಿಕೊಂಡು ಎದ್ದೇಬಿಟ್ಟರು.

"ನಂದ್ಯಾಕೆ? ಅವರದು ಅಂತ ನಾನೇ ಹೇಳ್ತಿಲ್ವಾ? ಇಂಕಲ್ಲಿ ಬರ್ಕೊ."

ಯಜಮಾನರ ಚೌಕದ ಪಕ್ಕ ಇಂಕಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಗಂಡನಿಗೆ ಶಿಕ್ಷೆಯಾಯಿತು ಎಂದುಕೊಂಡು ಅಜ್ಜಿ ಸಮಾಧಾನದಿಂದ ಬಸ್ಸು ಹಿಡಿದರು.

೨. ತಲೆಕೆಳಗು ಪಂಚಾಂಗ

ಚಿಕ್ಕ ಮೊಮ್ಮಗಳೂ ಅವಳ ಕಿರಿಯ ಸೋದರಮಾವನೂ ಅಜ್ಜಿಗೆ ಹೇಳದೆ ಒಂದೇ ಸ್ಕೂಟರಿನಲ್ಲಿ ಬಂದು ಪರೀಕ್ಷೆಗೆ ರಕ್ತ ಕೊಟ್ಟರು. ಹುಡುಗಿ ನನ್ನ ಹತ್ತಿರ ಗುಟ್ಟು ಬಿಚ್ಚಿದಳು.

"ಸೈಕಲ್ ಕಲಿಸಿದೋನು ಕಣ್ರೀ ಇವನು. ಇವನನ್ನ ಮದುವೆಯಾಗೋದು ಅಂದ್ರೆ ನಗು ಬರುತ್ತೆ. ಅಜ್ಜಿಗೆ ಅದನ್ನ ಹೇಳೋಕೆ ಅಳು ಬರುತ್ತೆ."

ಇಬ್ಬರದೂ ಅರ್ಧ ಕಪ್ಪು ಬಂತು. ಅಳುಮೋರೆ ಹಾಕಲು ಇಬ್ಬರೂ ಬಹಳ ಪ್ರಯತ್ನಪಟ್ಟರು, ಆಗಲಿಲ್ಲ. ಕೆಟ್ಟ ರಿಪೋರ್ಟು ನೋಡಿ ಹಗುರಾದವರನ್ನು ನಾನು ಅದೇ ಮೊದಲು ಕಂಡದ್ದು. ಆಮೇಲೆ ಅಕ್ಕನ ಮಗು ನೆನಪಾಗಿ ಹುಡುಗಿ ನಿಜವಾಗಿಯೂ ಅತ್ತಳು.

ವಿಷಯ ತಿಳಿದ ಅಜ್ಜಿ ಮಾರನೆಯ ದಿನವೇ ನಗುನಗುತ್ತಾ ಬಂದರು. ಇಬ್ಬರಿಗೂ ಕುಜದೋಷ ಇದ್ದರೆ ಒಂದಕ್ಕೊಂದು ಹೊಡೆದುಕೊಂಡು ಹೋಗುತ್ತೆ, ಇದೂ ಹಾಗೇ, ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದಿಲ್ಲ ಎಂಬುದು ಅವರ ವಾದ. ಹಾಗಲ್ಲ, ಒಬ್ಬರಿಗಿದ್ದು ಒಬ್ಬರಿಗಿಲ್ಲದಿದ್ದರೆ ಮಕ್ಕಳಿಗೆ ಈ ಕಾಯಿಲೆಯ ಭಯವಿಲ್ಲ, ಇಬ್ಬರಿಗೂ ಇದ್ದರೇ ಕಷ್ಟ ಎಂದು ಡಾಕ್ಟರು ಅರ್ಧ ಗಂಟೆ ವಿವರಿಸಿದರು.

"ಅಂಗಾದ್ರೆ ನಿಮ್ಮ ಪಂಚಾಂಗನೇ ತಲೆಕೆಳಗು ಬುಡಿ," ಎಂದರು ಅಜ್ಜಿ.

ಆದರೆ ಆ ವಾರ ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದ ಮಗು, ಚಿಕ್ಕಮ್ಮನ ಪಾಪುಗೂ ಹೀಗೇ ಚುಚ್ಚುತ್ತಾರಾ ಎಂದು ಅಜ್ಜಿಯನ್ನು ಕೇಳಿತು. ಅಜ್ಜಿ ಮಗುವಿನ ಹೊದಿಕೆ ಸರಿಮಾಡಿದರು. ಹೋಗುವಾಗ ನನ್ನ ಮೇಜಿನ ಹತ್ತಿರ ನಿಂತು, ತಲೆಕೆಳಗು ಪಂಚಾಂಗದ ಪ್ರಕಾರ ಹೊಂದುವ ಗಂಡು ಯಾರಾದರೂ ಇದ್ದರೆ ಹೇಳು ಎಂದರು.

೩. ಉಪ್ಪಿಟ್ಟು

ಹಿನಕಲ್ಲಿನ ಒಬ್ಬ ಹುಡುಗ ಹೆಣ್ಣು ನೋಡಲು ಬಂದ. ಕಡಕೊಳದ ಫ್ಯಾಕ್ಟರಿಯಲ್ಲಿ ಕೆಲಸ. ರಕ್ತದ ಮಾತು ಎತ್ತುವುದು ಬೇಡವೆಂದು ಮನೆಯವರೆಲ್ಲ ತೀರ್ಮಾನಿಸಿದ್ದರು. ಮುಂದಿನದು ಹುಡುಗಿಯೇ ಬಂದು ಹೇಳಿದ್ದು.

ಗಂಡಿನ ತಂದೆ ಜಾತಕ ಕೇಳಿದರಂತೆ. ಇವಳು ಒಳಗೆ ಹೋಗಿ ನಾನು ಕೊಟ್ಟಿದ್ದ ವಂಶವೃಕ್ಷದ ಪ್ರತಿಯನ್ನು ತಂದುಕೊಟ್ಟಳು. ಅವರು ಕನ್ನಡಕ ಹಾಕಿಕೊಂಡು, ಚೌಕ ಸೊನ್ನೆಗಳ ಮೇಲೆಲ್ಲ ಬೆರಳಾಡಿಸಿ, ಗುರುಬಲ ಚೆನ್ನಾಗಿದೆ ಎಂದರು. ಅದು ಜಾತಕವಲ್ಲ, ಆ ಅರ್ಧ ಕಪ್ಪು ಸೊನ್ನೆಯೇ ನಾನು ಎಂದು ಹುಡುಗಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಎಲ್ಲರ ಬಾಯಲ್ಲೂ ಉಪ್ಪಿಟ್ಟು ನಿಂತಿತು.

ಹುಡುಗ ಮಾತ್ರ ತಟ್ಟೆ ಕೆಳಗಿಟ್ಟು, "ನಾನೂ ಪರೀಕ್ಷೆ ಮಾಡಿಸ್ತೀನಿ. ಖಾಲಿ ಹೊಟ್ಟೇಲಿ ಹೋಗ್ಬೇಕಾ? ಹಾಗಾದ್ರೆ ಉಪ್ಪಿಟ್ಟು ಇಷ್ಟಕ್ಕೇ ಸಾಕು," ಎಂದನಂತೆ.

೪. ಪೆನ್ಸಿಲ್ಲು

ಹುಡುಗನ ಚೌಕ ಅಚ್ಚ ಬಿಳಿ. ಹೇಳಿದರೆ ಅಜ್ಜಿಗೆ ಅದೂ ಚಿಂತೆ: ಒಂದು ದೋಷವೂ ಇಲ್ಲದವನು ನಮ್ಮ ಹುಡುಗಿಯ ಜೊತೆ ಹೇಗೆ ಬಾಳುತ್ತಾನೆ? ಆಮೇಲೆ ತಾವಾಗಿಯೇ ಸೆರಗು ಸರಿಸಿ ತೋಳು ಚಾಚಿದರು. ಅಜ್ಜಿಗೂ ಚುಚ್ಚುತ್ತಾರೆ, ಅಳಬೇಡ ಎಂದು ಮಗುವಿಗೆ ಮಾತು ಕೊಟ್ಟಿದ್ದರಂತೆ.

ವಾರದ ಮೇಲೆ ರಿಪೋರ್ಟು ಬಂತು. ಅಜ್ಜಿಯದೇ ಅರ್ಧ ಕಪ್ಪು.

ಅವರು ಹಾಳೆಯ ಮೇಲೆ ಬಗ್ಗಿ ತಮ್ಮ ಸೊನ್ನೆ ಹುಡುಕಿದರು. ಹೊಂಗೆಯ ನೆರಳು ಹಾಳೆಯ ಮೇಲೆ ಯಜಮಾನರ ಚೌಕದಿಂದ ಅಜ್ಜಿಯ ಸೊನ್ನೆಗೆ ನಿಧಾನವಾಗಿ ಸರಿಯಿತು. ನನಗೆ ಅವರ ಮೇಲೆ ಎಂದೂ ಇಲ್ಲದ ಪ್ರೀತಿ ಬಂತು.

"ಐದು ವರ್ಷದಿಂದ ಅವರ ಫೋಟೋಗೆ ದಿನಾ ಬೈದು ಹೂ ಮುಡಿಸ್ತಿದ್ದೆ ಕಣಮ್ಮ," ಎಂದರು.

ಈಗಲಾದರೂ ಯಜಮಾನರಿಗೆ ಬಿಡುಗಡೆ ಸಿಗಲಿ ಎಂದು, ಆ ಇಂಕಿನ ಚಿಹ್ನೆಯನ್ನು ಹೆರೆಯಲು ಬ್ಲೇಡು ತೆಗೆದೆ. ಅಜ್ಜಿ ನನ್ನ ಕೈ ಹಿಡಿದುಕೊಂಡರು.

"ನಂದು ಪೆನ್ಸಿಲಲ್ಲಿ ಹಾಕ್ಕೊ. ಅವರದು ಅಂಗೇ ಇರ್ಲಿ ಬುಡು. ಅದೂ ಹೋದ್ರೆ ನಾನೊಬ್ಳೇ ಆಗೋಯ್ತೀನಿ."