ನನ್ನನ್ನು ನಪಾಸು ಮಾಡಿದ ರಿಸೀವರ್ ಮಹೋದಯರಿಗೆ

ದಿನಾಂಕ ೧೬ ನವೆಂಬರ್ ೨೦೦೩, ಭಾನುವಾರ, ಮಧ್ಯಾಹ್ನ ಮೂರು ಗಂಟೆ
ಕೊಂಢವಾ, ಪುಣೆ

ನಮ್ಮ ಮನೆಯ ಏಕೈಕ ಮೇಜನ್ನು ಅಲಂಕರಿಸಿರುವ, ಕಪ್ಪು ಮೈಕಾಂತಿಯ, ಒಂಬತ್ತು ಕಿಲೋ ತೂಕದ ಹೋಮ್ ಥಿಯೇಟರ್ ರಿಸೀವರ್ ಮಹೋದಯರ ಸನ್ನಿಧಿಗೆ,

ಮಾನ್ಯರೇ,

ಈ ಪತ್ರದ ಉದ್ದೇಶ ಒಂದೇ: ನಾನು ಆರಿಸಿ ತಂದ ಸ್ಪೀಕರುಗಳನ್ನು ನಾಲ್ಕು ಬಾರಿ ತಿರಸ್ಕರಿಸಿ, ನನ್ನ ತಂದೆಯವರು ಆರಿಸಿದವನ್ನು ಒಂದೇ ಬಾರಿಗೆ ಒಪ್ಪಿಕೊಂಡ ತಮ್ಮ ಪಕ್ಷಪಾತದ ವಿರುದ್ಧ ಸಾರ್ವಜನಿಕವಾಗಿ ದೂರು ದಾಖಲಿಸುವುದು. ಸಂಜೆ ಐದಕ್ಕೆ ಬುಧವಾರ ಪೇಟೆಯ ಅಂಗಡಿಕಾರ ಸುಂದರ ಅವರು ತಮ್ಮನ್ನು ಒಯ್ಯಲು ಸ್ಕೂಟರಿನಲ್ಲಿ ಬರುವವರಿರುವುದರಿಂದ ಉತ್ತರಿಸಲು ತಮಗೆ ಎರಡು ಗಂಟೆಗಳ ಕಾಲಾವಕಾಶವಿದೆ. ವಿಶ್ವವಿದ್ಯಾಲಯದವರು ಮೂರು ಗಂಟೆ ಕೊಡುತ್ತಾರೆ, ನಿಜ. ಆದರೆ ತಮಗಿರುವುದು ಒಂದೇ ಪ್ರಶ್ನೆ.

ತಮಗೆ ನನ್ನ ಪರಿಚಯ ಸಾಲದೆಂದು ತೋರುತ್ತದೆ. ನಾನು ಸ್ನೇಹಲ್, ಇಂಜಿನಿಯರಿಂಗ್ ಮೂರನೆಯ ವರ್ಷದಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿರುವವಳು, ಹಿಂದಿನ ಎರಡೂ ವರ್ಷ ತರಗತಿಗೆ ಪ್ರಥಮಳಾಗಿ ತೇರ್ಗಡೆಯಾದವಳು. ತಾವು ನಮ್ಮ ಮನೆಗೆ ಬಂದದ್ದೇ ಅಂತರ ಕಾಲೇಜು ರಸಪ್ರಶ್ನೆಯಲ್ಲಿ ನನಗೆ ಸಂದ ಪ್ರಥಮ ಬಹುಮಾನವಾಗಿ. ದ್ವಿತೀಯ ಬಹುಮಾನದ ಹುಡುಗನಿಗೆ ಒಂದು ಕೈಗಡಿಯಾರ ಸಿಕ್ಕಿತು, ಅದು ಅಂದೇ ಸಮಯ ತೋರಿಸತೊಡಗಿತು. ಹಾಡನ್ನು ದೊಡ್ಡದು ಮಾಡಿ ಸ್ಪೀಕರುಗಳಿಗೆ ಹಂಚಬೇಕಾದ ತಾವು ಮಾತ್ರ ಒಂದೂ ಸ್ಪೀಕರಿಲ್ಲದೆ, ಐದು ಸ್ಪೀಕರುಗಳಿಗೆ ಬೆನ್ನಿನಲ್ಲಿ ತೂತುಗಳನ್ನಿಟ್ಟುಕೊಂಡು, ಬಾಯಿ ಬಿಡದೆ ಬಂದು ಕುಳಿತಿರಿ.

ತಮ್ಮ ಜೊತೆ ಬಂದ ಪುಸ್ತಕವನ್ನು ನಾನು ಪಠ್ಯಪುಸ್ತಕದಷ್ಟೇ ಶ್ರದ್ಧೆಯಿಂದ ಓದಿ, ನಮ್ಮ ಎರಡು ಕೋಣೆಗಳ ನಕ್ಷೆ ಬರೆದು, ಕೋನಮಾಪಕ ಹಿಡಿದು ಸ್ಪೀಕರುಗಳ ಸ್ಥಾನ ಗುರುತಿಸಿದೆ. ಒಂದು ಮೂಲೆಯಲ್ಲಿ ನೀರಿನ ಡ್ರಮ್ಮು, ಇನ್ನೊಂದರಲ್ಲಿ ಹಾಸಿಗೆಯ ರಾಶಿ. ಹಿಂಬದಿಯ ಎಡ ಸ್ಪೀಕರಿನ ಶಾಸ್ತ್ರೋಕ್ತ ಸ್ಥಾನವಂತೂ ಗೋಡೆಯಾಚೆ ನೆರೆಮನೆಯ ಸಾವಿತ್ರಿಬಾಯಿಯವರ ಅಡುಗೆಮನೆಯಲ್ಲಿ ಬಿತ್ತು. ಆ ಪುಣ್ಯವಂತೆ, ಬೇಕಾದರೆ ಇಟ್ಟುಕೋ, ಮಸಾಲೆ ಡಬ್ಬಿ ಮಾತ್ರ ಮುಟ್ಟಬೇಡ ಎಂದು ಮರಾಠಿಯಲ್ಲಿ ಅನುಮತಿಯನ್ನೂ ದಯಪಾಲಿಸಿದರು. ಆದರೆ ನನ್ನ ವಿದ್ಯಾರ್ಥಿವೇತನದಲ್ಲಿ ಉಳಿದದ್ದು ನಾಲ್ಕೂವರೆ ಸಾವಿರ ರೂಪಾಯಿ, ಅದರಲ್ಲಿ ಐದು ಬರುವುದಿಲ್ಲ. ಆದ್ದರಿಂದ ಸದ್ಯಕ್ಕೆ ಎರಡೇ ಸಾಕೆಂದೂ ಉಳಿದ ಮೂರು ತೂತುಗಳು ನನ್ನ ಮೊದಲ ಸಂಬಳದವರೆಗೆ ತಾಳಿಕೊಳ್ಳಲೆಂದೂ ತೀರ್ಮಾನಿಸಿದೆ.

ಆರು ಓಂಗಿಂತ ಕಡಿಮೆ ವಿದ್ಯುತ್ ತಡೆಯ ಸ್ಪೀಕರುಗಳನ್ನು ಜೋಡಿಸಬಾರದೆಂದು ತಮ್ಮ ಬೆನ್ನಿನ ಮೇಲೆಯೇ ಬರೆದಿದೆ. ತಡೆ ಕಡಿಮೆಯಾದಷ್ಟೂ ಸ್ಪೀಕರು ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ. ತಾವು ಸುಟ್ಟುಹೋಗುವ ಭಯದಿಂದ ಬಾಯಿ ಮುಚ್ಚಿಕೊಳ್ಳುತ್ತೀರಿ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹನ್ನೊಂದು ಜೋಡಿಗಳ ತುಲನಾತ್ಮಕ ಪಟ್ಟಿಯನ್ನು ಮೂರು ಬಣ್ಣದ ಶಾಯಿಯಲ್ಲಿ ತಯಾರಿಸಿ, ಸುಂದರ ಅವರ ಅಂಗಡಿಯಿಂದ, ಬೆನ್ನಿಗೆ ಚಿನ್ನದ ಅಕ್ಷರಗಳಲ್ಲಿ ಎಂಟು ಓಂ ಎಂದು ಅಚ್ಚಾಗಿದ್ದ ಮಿರಿಮಿರಿ ಮಿಂಚುವ ಜೋಡಿಯೊಂದನ್ನು ತಂದೆ. ಕಾಲೇಜಿನ ಪ್ರಯೋಗಾಲಯದ ಮೀಟರು ನನ್ನ ಚೀಲದಲ್ಲೇ ಇತ್ತು. ಅಚ್ಚಾದದ್ದನ್ನು ಮತ್ತೆ ಅಳೆಯುವುದು ದಡ್ಡರ ಲಕ್ಷಣವೆಂದು ಅದನ್ನು ಹೊರತೆಗೆಯಲಿಲ್ಲ.

ತರುವಾಯ ತಾವು ನಡೆಸಿದ ಪರೀಕ್ಷೆ ಇತಿಹಾಸದಲ್ಲಿ ದಾಖಲಾಗತಕ್ಕದ್ದು. ನನ್ನ ತಾಯಿ ಪಾರವ್ವನವರು ಜೇಜುರಿ ಜಾತ್ರೆಯಿಂದ ತಂದ, ಇನ್ನೂ ಭಂಡಾರದ ಅರಿಸಿನ ಮೆತ್ತಿಕೊಂಡಿದ್ದ ಡೊಳ್ಳಿನ ಪದಗಳ ಕ್ಯಾಸೆಟ್ಟನ್ನು ಹಳೆಯ ಟೇಪಿಗೆ ಹಾಕಿ, ತಂತಿಯನ್ನು ತಮಗೆ ಜೋಡಿಸಿ, ಧ್ವನಿ ಏರಿಸಿದೆ. ಡೊಳ್ಳು ಮೂರನೆಯ ಪೆಟ್ಟಿಗೆ ಬರುವಷ್ಟರಲ್ಲಿ ಟಕ್ ಎಂದು ನಿಂತು, ಹಣೆಯ ಮೇಲೆ 'ಪ್ರೊಟೆಕ್ಟ್' ಎಂಬ ಹಸಿರು ಪದವೊಂದನ್ನು ಬೆಳಗಿಸಿದಿರಿ. ಮತ್ತೊಮ್ಮೆ ಮಾಡಿದೆ, ಮತ್ತೊಮ್ಮೆ ಟಕ್. ಮೂರನೆಯ ಟಕ್ಕಿಗೆ ಸಾವಿತ್ರಿಬಾಯಿಯವರು ಬಾಗಿಲಲ್ಲಿ ನಿಂತು ನಕ್ಕರು. ನನ್ನ ಇಪ್ಪತ್ತು ವರ್ಷದ ಆಯುಷ್ಯದಲ್ಲಿ ನನ್ನನ್ನು ನಪಾಸು ಮಾಡಿದ ಪ್ರಥಮ ಪರೀಕ್ಷಕರು ತಾವು. ಅದೂ ಕಾರಣ ಬರೆಯದೆ.

ಆ ನಗುವಿನ ಎದುರಿಗೆ ನಾನೊಂದು ಪ್ರತಿಜ್ಞೆ ಮಾಡಿದೆ. ನಾನು ಆರಿಸಿದ ಸ್ಪೀಕರಿನಲ್ಲಿ ಈ ಯಂತ್ರ ಭಾನುವಾರದೊಳಗೆ ಹಾಡದಿದ್ದರೆ ಇದನ್ನು ಸುಂದರ ಅವರಿಗೆ ಕೊಟ್ಟುಬಿಡುತ್ತೇನೆ ಎಂದೆ. ಎಂದದ್ದಲ್ಲದೆ ಬೀದಿಯ ಬೂತಿನಿಂದ ಅವರಿಗೆ ಫೋನನ್ನೂ ಮಾಡಿದೆ. ನಾನು ಆಡಿದ ಮಾತನ್ನು ಎಂದೂ ತಪ್ಪಿದವಳಲ್ಲವೆಂದು ಇಡೀ ವಠಾರಕ್ಕೆ ಗೊತ್ತು, ಏಕೆಂದರೆ ನಾನೇ ಹೇಳಿದ್ದೇನೆ. ತಾವು ಅದನ್ನು ಕೇಳಿಸಿಕೊಂಡು, ಮರುದಿನ ಬೆಳಿಗ್ಗೆ ನಾಲ್ಕನೆಯ ಸಲವೂ ಟಕ್ ಎಂದಿರಿ.

ಈ ಹಂತದಲ್ಲಿ ನನ್ನ ತಂದೆ ಶಿವಪುತ್ರಪ್ಪನವರು ಎದ್ದು ಬಂದು ನನ್ನ ಸ್ಪೀಕರೊಂದನ್ನು ಎತ್ತಿ ನೋಡಿದರು. ಇಪ್ಪತ್ತೇಳು ವರ್ಷಗಳಿಂದ ಅವರು ಮಾರ್ಕೆಟ್ ಯಾರ್ಡಿನಲ್ಲಿ ತೂಕ ಮಾಡುವವರು. ಬೆಳ್ಳುಳ್ಳಿಯ ಚೀಲವನ್ನು ಸೊಂಟದೆತ್ತರಕ್ಕೆ ಎತ್ತಿ ತೂಕ ಹೇಳಿದರೆ ತಕ್ಕಡಿ ನಾಚುತ್ತಿತ್ತು. ಎರಡು ವರ್ಷದ ಹಿಂದೆ ಎಲೆಕ್ಟ್ರಾನಿಕ್ ತಕ್ಕಡಿ ಬಂತು. ಈಗ ಅವರು ಅದರ ಗುಂಡಿ ಒತ್ತುತ್ತಾರೆ. ಅವರ ತೋಳನ್ನು ಯಾರೂ ಕೇಳುವುದಿಲ್ಲ.

"ಏ ಸ್ನೇಹಲಾ, ಇದರ ಭಾರ ಒಂದ ಕಡೆ ಕುಂತದ. ಖರೇ ಮಾಲು ಹಿಂಗ ಕುಂಡ್ರೂದಿಲ್ಲ" ಎಂದರು. "ನಿಮಗೇನ್ ತಿಳೀತದರೀ, ಆಕಿ ಫಸ್ಟ್ ಬಂದಾಕಿ" ಎಂದು ತಾಯಿಯವರು ನನ್ನ ಪರವಾಗಿ ವಾದಿಸಿದರು. "ಹೌದು, ಆಕಿ ಓದ್ಯಾಳ. ನಾ ಎತ್ತೇನಿ" ಎಂದ ತಂದೆಯವರ ಉತ್ತರವನ್ನು ನಾನು ಆಗ ಅಪ್ರಸ್ತುತವೆಂದು ಪರಿಗಣಿಸಿದೆ.

ಗುರುವಾರ ಆ ಜೋಡಿಯನ್ನು ಮರಳಿ ಒಯ್ದು, ಸುಂದರ ಅವರ ಅಂಗಡಿಯ ಗಲ್ಲಾದ ಮೇಲೆ ತಂದೆಯವರು ಜೇಬಿನಿಂದ ಸ್ಪ್ರಿಂಗ್ ತಕ್ಕಡಿ ತೆಗೆದಿಟ್ಟಾಗ, ಮಾನ್ಯರೇ, ನಾನು ಸಂಬಂಧವಿಲ್ಲದವಳಂತೆ ಫ್ಯಾನುಗಳ ಸಾಲಿನ ಕಡೆಗೆ ಹೋಗಿ ನಿಂತೆ. ಯಾರ್ಡಿನಲ್ಲಿ ಸರಕಿನ ತೂಕದಿಂದ ಗೋಣಿಚೀಲದ ತೂಕ ಕಳೆಯುವುದು ಪದ್ಧತಿ. ಆ ಚೀಲಕ್ಕೆ ಅಲ್ಲಿ ಬಾರದಾನ ಎನ್ನುತ್ತಾರೆ. "ಈ ಕಟಗಿ ಡಬ್ಬಿ ಬಾರದಾನ ಆತು. ಅದನ್ನ ತಗದು ಒಳಗಿನ ಮಾಲಿನ ತೂಕ ಹೇಳ್ರಿ" ಎಂದು ತಂದೆಯವರು ಕೇಳಿದರು. "ಬಿಚ್ಚಿದ್ರೆ ಗ್ಯಾರಂಟಿ ಹೋಗ್ತದೆ ಮಾರಾಯ್ರೆ!" ಎಂದು ಕರಾವಳಿಯ ಸುಂದರ ಅವರು ಕೈಮುಗಿದರು. "ಗ್ಯಾರಂಟಿ ತೂಕ ಮಾಡಾಕ ಬಂದಿಲ್ರೀ ನಾ" ಎಂದು ಇವರು ಸ್ಕ್ರೂ ತಿರುಗಿಸಿಯೇಬಿಟ್ಟರು.

ಒಳಗಿದ್ದದ್ದು ಅಂಗೈಯಗಲದ ಸಿಮೆಂಟಿನ ತುಂಡು, ಒಂದು ಬದಿಗೆ ಅಂಟಿಸಿದ್ದು. ಮತ್ತು ಬಿಸ್ಕತ್ತಿನ ಗಾತ್ರದ ಅಯಸ್ಕಾಂತ. ಫ್ಯಾನುಗಳ ಕಡೆಯಿಂದ ಓಡಿ ಬಂದು ಮೀಟರು ಹಚ್ಚಿದೆ. ಚಿನ್ನದ ಅಕ್ಷರದ ಎಂಟು ಓಂ, ಮೂರನ್ನೂ ಮುಟ್ಟಲಿಲ್ಲ. ಸುಂದರ ಅವರು ನನಗಿಂತ ಹೆಚ್ಚು ಬೆಪ್ಪಾಗಿ, "ನಂಗೂ ಹೀಗೇ ಕೊಟ್ಟದ್ದಲ್ವಾ ಆ ಸಗಟಿನವ!" ಎಂದು ತಲೆ ಚಚ್ಚಿಕೊಂಡು, ಬದಲಿಗೆ ಏನು ಬೇಕಾದರೂ ಎತ್ತಿಕೊಳ್ಳಿ ಎಂದರು. ತಂದೆಯವರು ಆ ಮಾತನ್ನು ಅಕ್ಷರಶಃ ಪಾಲಿಸಿದರು. ಒಂದು ಗಂಟೆ ಕಾಲ ಅಂಗಡಿಯಲ್ಲಿದ್ದುದನ್ನೆಲ್ಲ ಎತ್ತಿದರು. ಎತ್ತಿ, ಕಣ್ಣು ಮುಚ್ಚಿ, ತೂಕ ಹೇಳಿದರು. ಗಿರಾಕಿಗಳು ವ್ಯಾಪಾರ ಬಿಟ್ಟು ಸುತ್ತ ನೆರೆದರು. ಪ್ರತಿ ಸಲವೂ ತಕ್ಕಡಿ ಅವರ ಮಾತನ್ನೇ ಹೇಳಿದಾಗ ಚಪ್ಪಾಳೆ ಬಿತ್ತು. ಕೊನೆಗೆ, ಯಾವುದೋ ಆರ್ಕೆಸ್ಟ್ರಾದವರು ಬಿಟ್ಟುಹೋಗಿದ್ದ, ಪೆಟ್ಟಿಗೆಯೂ ಇಲ್ಲದ, ಧೂಳು ತಿಂದ ಎರಡು ಬರಿಯ ಸ್ಪೀಕರುಗಳನ್ನು ಎತ್ತಿ, "ಇದು ಮಾಲು" ಎಂದರು. ಈ ಸಲ ನಾನು ಮೀಟರು ಹಚ್ಚಿದೆ: ತಮ್ಮ ಆರಕ್ಕಿಂತ ಮೇಲೆ, ಏಳು.

ಆ ಎರಡಕ್ಕೆ ಈಗ ಯಾರ್ಡಿನ ಸೇಬಿನ ಪೆಟ್ಟಿಗೆಗಳೇ ಮನೆ. ಸಂದುಗಳಿಗೆ ಪ್ಲೈವುಡ್ ಬಡಿದು, ಒಳಗೆಲ್ಲ ಗೋಣಿಚೀಲ ತುಂಬಿ, ತೂಕದಿಂದ ಕಳೆದ ಬಾರದಾನವನ್ನು ತಂದೆಯವರು ಗೌರವದಿಂದ ಮರಳಿ ಸೇರಿಸಿಕೊಂಡಿದ್ದಾರೆ. ಹೊರಗೆ 'ಒಂದನೇ ದರ್ಜೆ' ಎಂಬ ಠಸ್ಸೆ ಹಾಗೆಯೇ ಇದೆ. ಇಂದು ಬೆಳಿಗ್ಗೆ ತಾವು ಆ ಪೆಟ್ಟಿಗೆಗಳ ಮೂಲಕ ಡೊಳ್ಳು ಬಾರಿಸಿದಿರಿ: ಕಪಾಟಿನ ತಾಟುಗಳು ಕುಣಿದವು, ನೀರಿನ ಡ್ರಮ್ಮು ತಾಳ ಹಾಕಿತು, ಸಾವಿತ್ರಿಬಾಯಿಯವರು ತಮ್ಮ ಮಸಾಲೆ ಡಬ್ಬಿಯನ್ನು ಅಪ್ಪಿಕೊಂಡು ಓಡಿಬಂದು ಹೊರಟುಹೋಗುವುದನ್ನೇ ಮರೆತರು. ಟಕ್ ಎನ್ನಲಿಲ್ಲ ತಾವು. ಒಂದೇ ಒಂದು ಸಲವೂ ಎನ್ನಲಿಲ್ಲ.

ಆದ್ದರಿಂದ ನನ್ನ ವಿನಮ್ರ ಬೇಡಿಕೆಗಳನ್ನು ಪರಿಶೀಲಿಸಬೇಕು. ನನ್ನ ನಾಲ್ಕೂ ಉತ್ತರಪತ್ರಿಕೆಗಳ ಮರುಮೌಲ್ಯಮಾಪನ ನಡೆಸಿ, ಮೀಟರು ಹಚ್ಚಿದ್ದಕ್ಕೆ ಕೃಪಾಂಕಗಳನ್ನಾದರೂ ನೀಡಬೇಕು. 'ಪ್ರೊಟೆಕ್ಟ್' ಎಂಬ ಒರಟು ಪದದ ಬದಲು 'ಕುಮಾರಿ ಸ್ನೇಹಲ್ ಅವರೇ, ದಯವಿಟ್ಟು ಅಳೆದು ನೋಡಿ' ಎಂದು ಶುದ್ಧ ಕನ್ನಡದಲ್ಲಿ ಬೆಳಗಬೇಕು. ತಂದೆಯವರು ಯಾರ್ಡಿನಿಂದ ಬಂದು ತಮ್ಮ ಎದುರು ಕೂತಾಗ, ಯಾರೂ ಒತ್ತದಿದ್ದರೂ ತಾವಾಗಿಯೇ ಹೊತ್ತಿಕೊಳ್ಳಬೇಕು. ಕೊನೆಯ ಬೇಡಿಕೆಗೆ ಒಪ್ಪಿದರೆ ಮೊದಲ ಎರಡನ್ನು ಹಿಂತೆಗೆದುಕೊಳ್ಳಲು ಸಿದ್ಧಳಿದ್ದೇನೆ.

ಎರಡನೆಯ ಸ್ಥಾನದಲ್ಲಿ ಕುಳಿತು ಅಭ್ಯಾಸವಿಲ್ಲದ, ಆದರೂ
ತಮ್ಮ ವಿಶ್ವಾಸಿ,
ಸ್ನೇಹಲ್ ಶಿವಪುತ್ರಪ್ಪ ಹಂಚಿನಾಳ

ವಿ.ಸೂ.: ಹಾಡಿದ್ದು ನಾನು ಆರಿಸಿದ ಸ್ಪೀಕರಿನಲ್ಲಲ್ಲವಾದ್ದರಿಂದ ಪ್ರತಿಜ್ಞೆಯ ಪ್ರಕಾರ ತಮ್ಮನ್ನು ಕೊಡಲೇಬೇಕು. "ಆಡಿದ ಮಾತು ನಡಸ್ತೀಯೋ ಇಲ್ಲೋ ನಮ್ಮವ್ವಾ?" ಎಂದು ತಾಯಿಯವರು ಬೆಳಿಗ್ಗೆಯಿಂದ ಮೂರು ಸಲ ಕೇಳಿದ್ದಾರೆ. ತಂದೆಯವರು ಸೇಬಿನ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೂತಿದ್ದಾರೆ. ಪ್ರತಿ ಪ್ರಶ್ನೆಗೂ ಕಾರಣಸಹಿತ ಉತ್ತರ ಬರೆದು ಬೆಳೆದವಳು ನಾನು. ಸುಂದರ ಅವರ ಸ್ಕೂಟರಿನ ಹಾರ್ನು ಕೆಳಗೆ ಕೇಳಿಸುತ್ತಿದೆ.

ಕೊಡುವುದಿಲ್ಲ.