ಬುಷೈಬ್ ಬಡವನಾಗಲು ಹೊರಟದ್ದು

ಶುಕ್ರವಾರ ನಡೆದ ಅಷ್ಟೂ ರಾದ್ಧಾಂತಕ್ಕೆ ಮೂಲ ಒಂದು ಚಹಾ ಕೆಟಲ್. ಅಂದು ಬೆಳಗ್ಗೆ ಬುಷೈಬ್ ಪಕ್ಕದ ಮನೆಯ ಲಲ್ಲಾ ತಾಮುವಿನ ಬಾಗಿಲು ತಟ್ಟಿ, ಸಫಿ ಪಟ್ಟಣ ಸಮುದ್ರದ ದಡದಲ್ಲಿ ಬಂದು ಕೂತಂದಿನಿಂದ ಯಾರೂ ಯಾರ ಮನೆಯಲ್ಲೂ ಕೇಳದ ವಸ್ತುವೊಂದನ್ನು ಕೇಳಿದ.

"ಲಲ್ಲಾ ತಾಮು, ನಿಮ್ಮನೇಲಿ ಮೂತಿ ಮುರಿದಿರೋ ಕೆಟಲ್ ಏನಾದ್ರೂ ಇದ್ಯಾ? ಸಂಜೆ ವಾಪಸ್ ಕೊಡ್ತೀನಿ."

ತಾಮು ಸೊಂಟದ ಮೇಲೆ ಕೈಯಿಟ್ಟಳು. ಅವಳು ಸೊಂಟದ ಮೇಲೆ ಕೈಯಿಟ್ಟರೆ ಓಣಿಯ ಬೆಕ್ಕುಗಳೆಲ್ಲ ಮಹಡಿ ಹತ್ತುತ್ತಿದ್ದವು. "ಮುರಿದಿರೋದಾ? ನನ್ನ ಮನೇಲಾ?"

"ಎಷ್ಟು ಹಾಳಾಗಿದ್ರೆ ಅಷ್ಟು ಒಳ್ಳೇದು. ಮುಚ್ಚಳ ಇಲ್ದೇ ಇದ್ರಂತೂ ಇನ್ನೂ ಒಳ್ಳೇದು."

"ಯಾರೋ ಬರ್ತಿದಾರೆ. ಯಾರು, ಬೊಗಳು."

ಬುಷೈಬ್ ಬಾಯಿ ಬಿಡಬಾರದಿತ್ತು. ಬಿಟ್ಟ. "ಸರ್ಕಾರದ ಸಾಹೇಬ್ರು. ಮನೆ ನೋಡೋಕೆ."

ಸಂಗತಿ ಇಷ್ಟೇ. ಬುಷೈಬ್ ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವನು ಮುಚ್ಚಿದ ಡಬ್ಬಿಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ ಚಂದ್ರನ ತಲೆಗೆ ತಾಗಿ ಬುಗುಟೆ ಏಳುತ್ತಿತ್ತು. ಈ ವರ್ಷ ಬೂತಾಯಿ ಮೀನುಗಳೆಲ್ಲ ಅದೇನು ಮುನಿಸಿಕೊಂಡವೋ, ಗುಂಪು ಕಟ್ಟಿಕೊಂಡು ಬೇರೆ ಸಮುದ್ರಕ್ಕೆ ಗುಳೆ ಹೋದವು. ಕಾರ್ಖಾನೆ ಬಾಗಿಲು ಹಾಕಿತು. ಕೆಲಸದ ಬಾಲ ಹಿಡಿದುಕೊಂಡು ಮಗಳು ಗಿಜ್ಲಾನಳ ಆರೋಗ್ಯ ವಿಮೆಯೂ ಹೋಗುವುದರಲ್ಲಿತ್ತು.

ಗಿಜ್ಲಾನ್ ಏಳು ವರ್ಷದ ಹುಡುಗಿ. ತಾಯಿ ಜುಹೂರ್ ಮತ್ತು ಅಜ್ಜಿಯ ಜೊತೆ ಕುಂಬಾರರ ಗುಡ್ಡದ ಹತ್ತಿರ ಇದ್ದಳು. ಬುಷೈಬನಿಗೂ ಜುಹೂರಳಿಗೂ ಸೋರುವ ನಲ್ಲಿಯ ವಿಚಾರವಾಗಿ ಶುರುವಾದ ಜಗಳ ಕೋರ್ಟಿಗೆ ಹೋಗಿ ವಿಚ್ಛೇದನವಾಗಿತ್ತು. ನಲ್ಲಿ ಇನ್ನೂ ಸೋರುತ್ತಿತ್ತು. ಮಗುವಿನ ಗಂಟಲಲ್ಲಿ ಟಾನ್ಸಿಲ್‌ಗಳು ಊದಿ ಅಕ್ರೋಟಿನಷ್ಟಾಗಿದ್ದವು. ಅವಳ ಗೊರಕೆ ಕೇಳಿ ಬಂದರಿನ ದೋಣಿಗಳು ಸೈರನ್ ಆಯಿತೆಂದು ನಡುರಾತ್ರಿಯೇ ಲಂಗರು ಎತ್ತುತ್ತಿದ್ದವು. ಗೊರಕೆ ಇರಲಿ, ತಿಂಗಳಿಗೊಮ್ಮೆ ಕೆಂಡದಂಥ ಜ್ವರ ಬರುತ್ತಿತ್ತು. ಆಪರೇಷನ್ ಆಗಲೇಬೇಕು ಎಂದಿದ್ದರು ಡಾಕ್ಟರು, ಬರುವ ತಿಂಗಳಿಗೆ ದಿನವನ್ನೂ ಗೊತ್ತು ಮಾಡಿದ್ದರು. ಜುಹೂರ್ ಕುಂಬಾರಿಕೆಯವರ ಹತ್ತಿರ ತಟ್ಟೆಗಳಿಗೆ ಬಣ್ಣ ಹಚ್ಚುತ್ತಿದ್ದಳು. ಆ ಕೆಲಸಕ್ಕೆ ಕೂಲಿ ಸಿಗುತ್ತಿತ್ತೇ ಹೊರತು ವಿಮೆ ಇರಲಿಲ್ಲ.

ಇನ್ನುಳಿದದ್ದು ಬಡವರಿಗೆ ಸರ್ಕಾರ ಕೊಡುವ ಕಾರ್ಡು. ಅದಕ್ಕೆ ಮನೆಯ ಸಾಮಾನು, ಖರ್ಚು ನೋಡಿ ಸರ್ಕಾರ ಹಾಕುವ ಅಂಕ ತಗ್ಗಿನಲ್ಲಿರಬೇಕು. ಈ ಅಂಕ ಯಾವುದಕ್ಕೆ ಏರುತ್ತದೆ, ಯಾವುದಕ್ಕೆ ಇಳಿಯುತ್ತದೆ ಎಂದು ಕಂಡವರಿಲ್ಲ. ಫೋನಿಗೆ ರೀಚಾರ್ಜ್ ಮಾಡಿಸಿದರೆ ಏರುತ್ತದೆ ಎಂದು ಕ್ಷೌರಿಕ, ಎರಡನೇ ಗ್ಯಾಸ್ ಸಿಲಿಂಡರಿಗೆ ಏರುತ್ತದೆ ಎಂದು ಅಂಗಡಿಯವನು. ಅಂದಿನಿಂದ ಬುಷೈಬ್ ಫೋನು ಆರಿಸಿಟ್ಟಿದ್ದ. ಜೋರಾಗಿ ನಗುವುದಕ್ಕೂ ಹೆದರುತ್ತಿದ್ದ. ಗುರುವಾರ ಸಂಜೆ, ಓಣಿಯ ಸುದ್ದಿಯನ್ನೆಲ್ಲ ಸರ್ಕಾರಕ್ಕೆ ಮುಟ್ಟಿಸುವ ಮುಕದ್ದಮ ಕಿವಿಯಲ್ಲಿ, "ನಾಳೆ ಮಧ್ಯಾಹ್ನದ ನಮಾಜ್ ಆದ್ಮೇಲೆ ನಿನ್ನ ಮಗಳ ವಿಷಯಕ್ಕೆ ಸಾಹೇಬ್ರು ಬರ್ತಾರೆ. ಇದ್ದ ಹಾಗೆ ಇರು," ಎಂದು ಊದಿ ಹೋಗಿದ್ದ.

ಇದ್ದ ಹಾಗೆ ಇರುವುದಾದರೂ ಹೇಗೆ? ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಕೊಂಡ ಫ್ರಿಜ್ಜು, ಟಿವಿ, ಬಟ್ಟೆ ಒಗೆಯುವ ಮೆಷೀನು ಮನೆಯಲ್ಲಿ ಸುಲ್ತಾನರಂತೆ ಕೂತಿದ್ದವು. ಬೆಳಗಾಗುವ ಮೊದಲೇ ಮೂರುಚಕ್ರದ ಲಗೇಜು ಗಾಡಿಯ ಅಲ್ಲಾಲನನ್ನು ಕರೆಸಿ, "ಯಾರಿಗೂ ಅನುಮಾನ ಬರದೇ ಇರೋ ಕಡೆ ಇಟ್ಟು ಬಾ," ಎಂದ. ಅಲ್ಲಾಲ್ ಕೆಲಸಗಾರ. ಒಂದು ಗಂಟೆಯೊಳಗೆ ಮನೆಯನ್ನು ಬೋಳಿಸಿದ ತಲೆಯಂತೆ ನುಣ್ಣಗೆ ಮಾಡಿದ. ಆ ಭರಾಟೆಯಲ್ಲಿ ಚಹಾ ಕೆಟಲನ್ನೂ ಹೊತ್ತೊಯ್ದ. ಬಂದವರಿಗೆ ಚಹಾ ಕೊಡದೆ ಕಳಿಸುವಷ್ಟು ಬಡತನ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲವಲ್ಲ, ಅದಕ್ಕೇ ಮೂತಿ ಮುರಿದ ಕೆಟಲಿನ ಹುಡುಕಾಟ.

ಇದನ್ನೆಲ್ಲ ಕೇಳಿ ತಾಮು ಉರಿದುಬಿದ್ದಳು. "ಸಾಹೇಬರಿಗೆ ಮುರುಕು ಕೆಟಲಲ್ಲಿ ಚಹಾನಾ! ನಾಳೆ ಇಡೀ ಸಫಿ ಏನನ್ನುತ್ತೆ? ಈ ಓಣಿಯೋರಿಗೆ ಒಂದು ಕೆಟಲ್‌ಗೂ ಗತಿಯಿಲ್ಲ ಅನ್ನಲ್ವಾ?"

"ಅನ್ನಲಿ ಲಲ್ಲಾ! ಹಾಗನ್ನಲಿ ಅಂತಾನೇ ನಾನು..."

"ಮುಚ್ಚು ಬಾಯಿ. ನೀನು ಬಡವನಾಗಿರು, ಬೇಡ ಅನ್ನೋರು ಯಾರು? ನಿನ್ನ ಅತಿಥಿ ಯಾಕಪ್ಪಾ ಬಡವನಾಗ್ಬೇಕು?"

ಬುಷೈಬನ ಕೈಗೆ ಬೆಳ್ಳಿಯ ಕೆಟಲ್ ಬಂತು. ಅದರ ಹೊಳಪಿಗೆ ಅವನ ಕಣ್ಣು ಕತ್ತಲಿಟ್ಟಿತು. ಕತ್ತಲು ಸರಿದು ನೋಡುವಷ್ಟರಲ್ಲಿ ತಾಮು ಓಣಿಯ ಮಧ್ಯೆ ನಿಂತು ಕೂಗುತ್ತಿದ್ದಳು. ಅವಳು ಪಿಸುಗುಟ್ಟಿದರೆ ಬಂದರಿಗೆ ಕೇಳುತ್ತದೆ. ಕೂಗಿದ್ದು ಸ್ಪೇನ್ ದೇಶದ ಮೀನುಗಾರರಿಗೂ ಮುಟ್ಟಿರಬೇಕು.

ಮೊದಲು ಬಂದವನು ದರ್ಜಿ ದ್ರೀಸಪ್ಪ. ಹೆಗಲ ಮೇಲೆ ಮಗಳ ಮದುವೆಗೆಂದು ತೆಗೆದಿಟ್ಟಿದ್ದ ರತ್ನಗಂಬಳಿ. "ಹಾಸು ಮಗಾ, ನಾಚಿಕೋಬೇಡ."

"ದ್ರೀಸಪ್ಪಾ, ನಿಮ್ಮ ಕಾಲಿಗೆ ಬೀಳ್ತೀನಿ, ಬೇಡ!"

"ನೋಡ್ರೋ, ಎಷ್ಟು ಸಂಕೋಚದ ಹುಡುಗ," ಎಂದು ಮುದುಕ ಕಣ್ಣೊರೆಸಿಕೊಂಡು, ಮನೆಗೆ ಹೋಗಿ ಇನ್ನೊಂದು ಗಂಬಳಿ ತಂದ.

ಆಮೇಲೆ ಎದುರು ಮನೆಯ ಮೆತ್ತೆ ಹಾಕಿದ ದಿವಾನ, ಮೂಲೆ ಮನೆಯ ಮಖಮಲ್ಲಿನ ದಿಂಬು, ಕುದುರೆಯೊಂದು ಇಳಿದು ಮೀಯುವಷ್ಟು ದೊಡ್ಡ ಹಿತ್ತಾಳೆ ಹರಿವಾಣ. ಬುಷೈಬ್ ಒಂದನ್ನು ಹಿಂದಿನ ಬಾಗಿಲಿಂದ ಹೊರಗೆ ಹಾಕಿದರೆ ಮುಂದಿನ ಬಾಗಿಲಿಂದ ಮೂರು ಒಳಗೆ ಬರುತ್ತಿದ್ದವು. ಹೊರಗೆ ಹಾಕಿದ್ದನ್ನು ನೋಡಿದವರು, "ಅಯ್ಯೋ, ಇದು ಹೊರಗೇ ಉಳ್ಕೊಂಡಿದೆ," ಎಂದು ಎತ್ತಿ ತಂದು ಮತ್ತೆ ಒಳಗಿಡುತ್ತಿದ್ದರು. ಶುಕ್ರವಾರವಾದ್ದರಿಂದ ಮನೆಮನೆಯಲ್ಲೂ ಗೋಧಿ ರವೆಯ ಕುಸ್‌ಕುಸ್ ಬೆಂದಿತ್ತು. ನಮಾಜ್ ಮುಗಿಯುವ ಹೊತ್ತಿಗೆ ಬುಷೈಬನ ಪಡಸಾಲೆಯಲ್ಲಿ ಕುಸ್‌ಕುಸ್ ಪರ್ವತಶ್ರೇಣಿಯೇ ಎದ್ದುನಿಂತಿತು. ಒಂದೊಂದರ ತುದಿಯಲ್ಲೂ ಮಾಂಸ, ಕುಂಬಳಕಾಯಿ. ಮೋಡಗಳು ಅದಕ್ಕೆ ತಗುಲಿಕೊಂಡು ಹೋಗಲಾರದೆ ನಿಂತಿದ್ದವು.

ಹಬ್ಬದ ಸುದ್ದಿ ಕುಂಬಾರರ ಗುಡ್ಡಕ್ಕೂ ಹಬ್ಬಿತು. ಜುಹೂರ್ ಕೈಯಲ್ಲಿ ಬಣ್ಣದ ಕುಂಚ ಹಿಡಿದುಕೊಂಡೇ ಕೆಲಸದ ಜಾಗದಿಂದ ನೇರವಾಗಿ ಓಡಿಬಂದಳು. ಬಾಗಿಲಲ್ಲಿ ನಿಂತು ಗಂಬಳಿ ನೋಡಿದಳು, ಬೆಳ್ಳಿ ನೋಡಿದಳು, ಮಾಜಿ ಗಂಡನನ್ನು ನೋಡಿದಳು.

"ಯಾರಪ್ಪಾ ಹುಡುಗಿ?"

"ಯಾವ ಹುಡುಗಿ?"

"ಮದುವೆ ಹುಡುಗಿ! ಮಗಳ ಗಂಟಲಿಗೆ ನಿನ್ನ ಹತ್ರ ಏನೂ ಇಲ್ಲ. ನಿಖಾಗೆ ಮಾತ್ರ ಅರಮನೆ!"

"ಜುಹೂರ್, ದೇವರಾಣೆ, ಇದರಲ್ಲಿ ನನ್ನದು ಅಂತ ಇರೋದು ನಾನೊಬ್ನೇ. ಕಾರ್ಡಿನ ಸಾಹೇಬ್ರು ಬರೋ ಹೊತ್ತಾಯ್ತು. ಇದನ್ನೆಲ್ಲ ನೋಡಿದ್ರೆ ಮಗಳ ಆಪರೇಷನ್ ಕೈತಪ್ಪಿದ ಹಾಗೇ!"

ಜುಹೂರ್‌ಗೆ ವಿಷಯ ಅರ್ಥವಾಗಲು ಅರೆಕ್ಷಣ ಸಾಕಾಯಿತು. ಕುಂಚವನ್ನು ತಲೆಗೂದಲಿಗೆ ಸಿಕ್ಕಿಸಿ ಗಂಬಳಿಯ ತುದಿ ಹಿಡಿದಳು. "ಎಳಿ ಆ ಕಡೆ. ಬೈಯೋದು ಆಮೇಲೆ ಬೈತೀನಿ."

ಗಂಬಳಿ ಎರಡು ಮೊಳ ಸರಿದಿರಲಿಲ್ಲ, ಬಾಗಿಲಲ್ಲಿ ಸಾಹೇಬರು. ಚರ್ಮದ ಚೀಲ ಹಿಡಿದ, ಜೋರಾಗಿ ಸೀನಿದರೆ ಮುರಿದುಹೋಗುವಷ್ಟು ಸಣಕಲು ಮನುಷ್ಯ. ಹೆಸರು ಅನ್ವಾರ್, ಮರ್ಯಾದೆಗೆ ಸಿ ಅನ್ವಾರ್.

"ಅಸ್ಸಲಾಮು ಅಲೈಕುಂ. ನಾನು ಮಗುವಿನ ಕಾರ್ಡಿನ..."

"ಮೊದ್ಲು ಕೂತ್ಕೊಳಿ!" ತಾಮು ಅವರನ್ನು ಭುಜ ಹಿಡಿದು ದಿವಾನದಲ್ಲಿ ನೆಟ್ಟಳು.

"ತಾಯೀ, ನಂದು ಆಗ್ಲೇ ಒಂದು ಕಡೆ ಊಟ ಆಗಿದೆ. ನಾನು ಕೇಳೋಕೆ ಬಂದಿದ್ದು..."

ಮುಂದಿನ ಮಾತು ಕುಸ್‌ಕುಸ್ ತುತ್ತಿನ ಕೆಳಗೆ ಸಮಾಧಿಯಾಯಿತು. ಅವರು ಬಾಯಿ ತೆರೆದಾಗಲೆಲ್ಲ ಯಾರದೋ ಕೈ ಅದರೊಳಗೆ ಏನನ್ನೋ ಇಡುತ್ತಿತ್ತು. ನೋಡುತ್ತಿದ್ದಂತೆಯೇ ಅಂಗಿಯ ಗುಂಡಿಗಳು ಒಂದೊಂದಾಗಿ ಸಿಡಿದು ಕಿಟಕಿಯಾಚೆ ಹಾರಿದವು. ಕೊನೆಗೆ ಅಂಗೈಯಿಂದ ಬಾಯಿ ಮುಚ್ಚಿಕೊಂಡು, ಬೆರಳ ಸಂದಿಯಿಂದ ಕೇಳಿದರು: "ಈ ಗಂಬಳಿ ಯಾರದು?"

"ನಂದಲ್ಲ ಸಾಹೇಬ್ರೇ!" ಬುಷೈಬ್ ಎಗರಿಬಿದ್ದ. "ದ್ರೀಸಪ್ಪಂದು. ಕೇಳಿ ಬೇಕಾದ್ರೆ."

ಅತಿಥಿಯ ಮುಂದೆ "ಇದು ನನ್ನದು" ಎಂದು ಹೇಳುವ ಗಂಡಸು ಆ ಓಣಿಯಲ್ಲಿ ಇನ್ನೂ ಹುಟ್ಟಬೇಕಿತ್ತು. ದ್ರೀಸಪ್ಪ ಎದೆಯ ಮೇಲೆ ಕೈಯಿಟ್ಟ. "ನನ್ನದೇನು, ಅವನದೇನು ಸ್ವಾಮೀ? ಬುಷೈಬಂದೇ ಅಂದ್ಕೊಳಿ."

"ಮತ್ತೆ ಈ ಬೆಳ್ಳಿ ಕೆಟಲ್?"

"ಅವನದೇ!" ಎಂದಳು ತಾಮು. "ನಮ್ಮನೇಲಿ ಇರೋದೆಲ್ಲಾ ಅವನದೇ. ನಿಮಗೆ ಇಷ್ಟ ಆದ್ರೆ ಇವತ್ತಿಂದ ನಿಮ್ಮದೇ!"

"ದಿವಾನ?" "ಬುಷೈಬಂದು!" "ಹರಿವಾಣ?" "ಬುಷೈಬಂದು!" ಇಡೀ ಓಣಿ ಒಕ್ಕೊರಲಿನಿಂದ ಹೇಳಿತು. ಬುಷೈಬ್ ಒಂದೊಂದು ಕೂಗಿಗೂ ಒಂದೊಂದು ಗೇಣು ಕುಗ್ಗಿದ. ಅರ್ಧ ಗಳಿಗೆಯಲ್ಲಿ ಅವನು ಸಫಿಯ ಅತಿ ದೊಡ್ಡ ಸಾಹುಕಾರನಾಗಿ ಹೋಗಿದ್ದ, ನಾಳೆಯ ರೊಟ್ಟಿಗೆ ಹಿಟ್ಟಿಲ್ಲದ ಸಾಹುಕಾರ.

ಜುಹೂರ್ ತಡೆಯಲಾರದೆ ಮುಂದೆ ಬಂದಳು. "ಸಾಹೇಬ್ರೇ, ನಾನು ಮಗುವಿನ ತಾಯಿ. ಈ ಮನುಷ್ಯ ಸೋಮಾರಿ, ಜಿಪುಣ, ಒಂದು ನಲ್ಲಿ ರಿಪೇರಿ ಮಾಡೋಕೆ ಬರಲ್ಲ. ಆದ್ರೆ ಇವನು ಬಡವ. ಅದಕ್ಕೆ ನಾನು ಸಾಕ್ಷಿ. ಇವನ ಮನೆ ನೋಡಿ ನನ್ನ ಮಗಳ ಕಾರ್ಡು ನಿಲ್ಲಿಸ್ಬೇಡಿ."

ಸಿ ಅನ್ವಾರ್ ಪ್ರಯಾಸದಿಂದ ಒಂದು ತುತ್ತು ನುಂಗಿ ಕಣ್ಣರಳಿಸಿದರು. "ಇವರ ಮನೆ ನೋಡೋದಾ? ಇವರ ಮನೆಯಲ್ಲಿ ಚಿನ್ನದ ಛಾವಣಿ ಇದ್ರೂ ನನಗೇನಮ್ಮಾ? ಮಗು ಎಲ್ಲಿ ಉಂಡು ಮಲಗುತ್ತೋ ಆ ಮನೆ ನೋಡೋದು ನಾವು. ನಾನು ಬೆಳಗ್ಗೇನೇ ನಿಮ್ಮ ಮನೆ ನೋಡಿ ಬಂದೆ."

ಬುಷೈಬನ ಮುಖ ಹಬ್ಬದ ಚಂದ್ರನಂತೆ ಅರಳಿತು. ಜುಹೂರಳ ಮನೆಯಲ್ಲಿ ಎಣಿಸಿದರೆ ಸಿಗುವುದು ಒಂದು ಹಳೇ ಫ್ರಿಜ್ಜು, ಒಂದು ಕೆಮ್ಮುವ ಟಿವಿ, ಒಂದು ಅತ್ತೆ. ಅಂಕ ಪಾತಾಳ ಮುಟ್ಟುವುದು ಖಂಡಿತ.

"ಹಾಗಾದ್ರೆ ಕಾರ್ಡು ಸಿಕ್ಕಿದ ಹಾಗೇ ಅಲ್ವಾ ಸಾಹೇಬ್ರೇ!"

"ಎಲ್ಲಿ ಸಿಗುತ್ತೆ? ಅದನ್ನೇ ಆಗಿಂದ ಹೇಳೋಕೆ ನೋಡ್ತಿದೀನಿ, ಬಿಡ್ತಿಲ್ಲ ನೀವು. ಬಡವರ ಮನೇಲಿ ಎರಡೆರಡು ಫ್ರಿಜ್ಜು ಯಾಕಪ್ಪಾ? ಎರಡೆರಡು ಟಿವಿ? ಬಟ್ಟೆ ಒಗೆಯೋ ಮೆಷೀನಂತೂ ಪ್ಯಾಕಿಂಗ್ ಹಾಳೆ ಸಮೇತ ಹೊಳೀತಿದೆ. ಅಜ್ಜಿಯನ್ನ ಕೇಳ್ದೆ. ನನಗೆ ಹೊಟ್ಟೆ ತುಂಬಾ ಊಟ ಬಡಿಸಿ, 'ಅಳಿಯಂದ್ರು ಕಳಿಸಿದಾರೆ, ಗಂಡ ಹೆಂಡತಿ ಮತ್ತೆ ಒಂದಾಗ್ತಿದಾರೆ,' ಅಂತ ಆನಂದಬಾಷ್ಪ ಸುರಿಸಿದ್ರು. ಮಗುವಿನ ತಂದೆ ಅಂತ ನಿಮ್ಮನ್ನ ಎರಡು ಮಾತು ಕೇಳೋಕೆ ಹೇಗೂ ಬರೋದಿತ್ತು, ಅಳಿಯಂದ್ರು ಯಾವ ಸ್ಥಿತೀಲಿದಾರೆ ಅಂತಾನೂ ನೋಡೋಣ ಅಂದ್ಕೊಂಡೆ. ನೋಡಿದ್ನಲ್ಲ."

ಬುಷೈಬ್ ನಿಧಾನವಾಗಿ ಬಾಗಿಲ ಕಡೆ ತಿರುಗಿದ. ಅಲ್ಲಿ ಅಲ್ಲಾಲ್ ಗೋಡೆಗೊರಗಿ ಹಲ್ಲು ಚುಚ್ಚಿಕೊಳ್ಳುತ್ತ ನಿಂತಿದ್ದ.

"ಅಲ್ಲಾಲ್... ಸಾಮಾನು ಎಲ್ಲಿಟ್ಟೆ?"

"ಯಾರಿಗೂ ಅನುಮಾನ ಬರದೇ ಇರೋ ಕಡೆ ಅಂದ್ಯಲ್ಲ ಅಣ್ಣಾ," ಎಂದ ಅಲ್ಲಾಲ್ ಹೆಮ್ಮೆಯಿಂದ. "ಅಕ್ಕ ಕೆಲಸಕ್ಕೆ ಹೋದ್ಮೇಲೆ ಅಜ್ಜಿ ಹತ್ರ ಇಳಿಸಿ ಬಂದೆ. ನೀನು ಹೆಂಡ್ತಿ ಮನೆಗೆ ಏನಾದ್ರೂ ಕಳಿಸ್ತೀಯ ಅಂತ ಯಾರಿಗೆ ತಾನೆ ಅನುಮಾನ ಬರುತ್ತೆ?"

ಜುಹೂರ್ ತಲೆಯಿಂದ ಕುಂಚ ಕಿತ್ತು ಬುಷೈಬನ ಮೂಗಿನ ಮೇಲೆ ಒಂದು ನೀಲಿ ಗೆರೆ ಎಳೆದಳು. ಆಮೇಲೆ ಸಾಹೇಬರ ಮುಂದೆ ಕೂತು ಮಗಳ ಜ್ವರ, ಗೊರಕೆ, ರಾತ್ರಿ ಉಸಿರು ಸಿಕ್ಕಿಕೊಂಡು ಎದ್ದು ಕೂರುವುದು ಎಲ್ಲ ಹೇಳಿದಳು. ಒಮ್ಮೆ ಅವಳ ಧ್ವನಿ ಒಡೆಯಿತು. ಬುಷೈಬ್ ತನ್ನ ಚಹಾ ಲೋಟವನ್ನು ಅವಳ ಮುಂದೆ ಸರಿಸಿದ. ಸಿ ಅನ್ವಾರ್ ಕೆಟ್ಟವರಲ್ಲ. ಹೊಟ್ಟೆ ತುಂಬಿದ ಮನುಷ್ಯ ಕೆಟ್ಟವನಾಗುವುದು ಕಷ್ಟ, ಅವರದಂತೂ ಎರಡು ಸಲ ತುಂಬಿತ್ತು.

"ಆಯ್ತಮ್ಮಾ. ವರದಿ ಇನ್ನೂ ಮೇಲಕ್ಕೆ ಕಳಿಸಿಲ್ಲ. ಸೋಮವಾರ ಮತ್ತೆ ನಿಮ್ಮ ಮನೆಗೆ ಬರ್ತೀನಿ. ಅಷ್ಟರಲ್ಲಿ ಇವರ ಸಾಮಾನು ಇವರ ಮನೆಗೆ ಬಂದಿರ್ಲಿ. ಅಲ್ಲಿ ನಿಮ್ಮ ಸ್ವಂತದ್ದು ಬಿಟ್ಟು ಒಂದು ಚಮಚ ಕೂಡ ಇರ್ಬಾರ್ದು. ಕಾರ್ಡು ಕೊಡೋದು ನನ್ನ ಜವಾಬ್ದಾರಿ."

ಹೀಗೆಂದು, ಇಬ್ಬರ ಆಸರೆಯಲ್ಲಿ ಎದ್ದು, ತುಂಬಿದ ಹಡಗು ಬಂದರು ಬಿಡುವಂತೆ ಓಲಾಡುತ್ತ ಓಣಿ ದಾಟಿದರು.

ಬುಷೈಬನಿಗೆ ಕುಣಿಯಬೇಕೆನಿಸಿತು. ಒಂದು ಕಾಲನ್ನು ಎತ್ತಿಯೂ ಇದ್ದ. ಅಷ್ಟರಲ್ಲಿ ಲಲ್ಲಾ ತಾಮುವಿನ ಕೈ ಮತ್ತೆ ಸೊಂಟದ ಮೇಲೆ ಹೋಯಿತು.

"ಕೇಳಿಸ್ಕೊಂಡ್ರಾ ಎಲ್ರೂ? ಸೋಮವಾರ ಸಾಹೇಬ್ರು ಜುಹೂರ್ ಮನೆಗೆ ಬರ್ತಾರಂತೆ! ಆ ಮನೇಲಿ ಕೂರೋಕೆ ಒಂದು ನೆಟ್ಟಗಿನ ದಿವಾನ ಇದ್ಯೇನ್ರೇ?"

"ಲಲ್ಲಾ!" ಜುಹೂರ್ ಚೀರಿದಳು. "ಏನೂ ಇರ್ಬಾರ್ದು ಅಂತ ಅವರೇ ಬಾಯಿಬಿಟ್ಟು ಹೇಳಿದ್ರಲ್ಲ!"

"ಅದು ಅವರ ದೊಡ್ಡತನ ಕಣೇ. ಮರ್ಯಾದಸ್ಥ ಅತಿಥಿ ಎಲ್ಲಾದ್ರೂ 'ಇದು ಬೇಕು, ಅದು ಬೇಕು' ಅಂತ ಕೇಳ್ತಾನಾ? ಅಲ್ಲಾಲ್, ತಗೊಂಡ್ ಬಾರೋ ಗಾಡಿ! ದ್ರೀಸಪ್ಪಾ, ಗಂಬಳಿ ಸುತ್ತಿ!"

ದ್ರೀಸಪ್ಪ ಸುತ್ತತೊಡಗಿದ. ಬುಷೈಬ್ ಹಾರಿ ಗಂಬಳಿಯ ಒಂದು ತುದಿ ಹಿಡಿದುಕೊಂಡ. ವಿಚ್ಛೇದನವಾದ ಮೇಲೆ ಮೊಟ್ಟಮೊದಲ ಬಾರಿಗೆ ಜುಹೂರ್ ಅವನ ಮಾತಿಗೆ ಒಪ್ಪಿ, ಅವನ ಸೊಂಟ ಹಿಡಿದು ಹಿಂದಕ್ಕೆ ಜಗ್ಗಿದಳು. ಒಂದು ತುದಿಯಲ್ಲಿ ಅವರಿಬ್ಬರು, ಇನ್ನೊಂದು ತುದಿಯಲ್ಲಿ ಇಡೀ ಓಣಿ. ಇಬ್ಬರೂ ಹಲ್ಲುಕಚ್ಚಿ ಎಳೆದರು, ನೆಲಕ್ಕೆ ಹಿಮ್ಮಡಿ ಊರಿ ಎಳೆದರು. ಗಂಬಳಿ ಮಾತ್ರ ಅವರಿಬ್ಬರನ್ನೂ ಸೇರಿಸಿಕೊಂಡು ಅಂಗುಲ ಅಂಗುಲವಾಗಿ ಕುಂಬಾರರ ಗುಡ್ಡದ ಕಡೆಗೇ ಸರಿಯುತ್ತಿತ್ತು.