ಖಾಲಿ ಮಂಚವಿಲ್ಲದ ಆಸ್ಪತ್ರೆ

ಆ ವಾರ ಹುಣಸೆಕೊಪ್ಪದಲ್ಲಿ ಯಾರಿಗೂ ಕಾಯಿಲೆ ಬರಲಿಲ್ಲ. ಕಾಂಪೌಂಡರ್ ನಸರುಲ್ಲಾನ ಗ್ರಹಚಾರ ಕೆಟ್ಟದ್ದು ಅಲ್ಲಿಂದಲೇ.

ಆ ಊರಿನ ಆಸ್ಪತ್ರೆಗೆ ಇದ್ದದ್ದು ಮೂರು ಮಂಚ, ಒಬ್ಬ ಕಾಂಪೌಂಡರ್, ಒಬ್ಬಳು ನರ್ಸ್. ಡಾಕ್ಟರು ವರ್ಗವಾಗಿ ಹೋಗಿ ಅವರ ಕುರ್ಚಿ ಮಾತ್ರ ಉಳಿದಿತ್ತು. ರೋಗಿಗಳಿಲ್ಲದ ಹಳ್ಳಿ ಆಸ್ಪತ್ರೆಗಳಿಗೆ ಅನುದಾನ ನಿಲ್ಲಿಸಿ ಬೀಗ ಹಾಕಬೇಕೆಂದು ಸರ್ಕಾರದ ಹುಕುಂ ಆಗಿತ್ತು. ಅದನ್ನು ನೋಡಲು ಶಿವಮೊಗ್ಗದ ಅಧಿಕಾರಿ ಇವತ್ತೇ ಬರುವವರಿದ್ದರು. ಮಂಚಗಳೋ, ಮೂರೂ ಖಾಲಿ.

ನೌಕರಿಯ ಮಾತು ಹಾಗಿರಲಿ, ನಸರುಲ್ಲಾನ ಹೆಂಡತಿ ಜಹಾನಾರಾ ದಿನ ತುಂಬಿದ ಬಸುರಿ. ಈ ಆಸ್ಪತ್ರೆ ಇಲ್ಲದ ಕಾಲದಲ್ಲಿ ಅವಳ ಚೊಚ್ಚಲ ಮಗು ಭದ್ರಾವತಿಯ ದಾರಿಯಲ್ಲಿ ಎತ್ತಿನ ಗಾಡಿಯಲ್ಲೇ ಹುಟ್ಟಿ, ಗಾಡಿಯಲ್ಲೇ ತೀರಿಕೊಂಡಿತ್ತು. ಆ ದಾರಿ ನೆನಪಾದರೆ ಅವನಿಗೆ ಈಗಲೂ ಅನ್ನ ಸೇರುತ್ತಿರಲಿಲ್ಲ.

"ಅದಕ್ಯಾಕೆ ತಲೆ ಕೆಡಿಸ್ಕೊಳ್ತೀರಿ ಸಾಬ್ರೆ? ನಾವಿಲ್ವಾ, ಮಲಗ್ತೀವಿ!" ಎಂದ ಪಕ್ಕದ ಮನೆಯ ಹಿರಿಯಣ್ಣ. ಕರೆಯದೆ ಹೋಗಿ ಕೈಹಾಕುವುದು ಅವನ ಹುಟ್ಟುಗುಣ. ತಾನೊಂದು ಮಂಚ ಹಿಡಿದು, ಹೆಂಡತಿ ಹುಲಿಗೆಮ್ಮನನ್ನೂ ಷಡ್ಡಕ ರಂಗಪ್ಪನನ್ನೂ ಉಳಿದೆರಡರಲ್ಲಿ ಮಲಗಿಸಿದ.

ನರ್ಸ್ ವಸಂತಮ್ಮ ಹಿರಿಯಣ್ಣನ ಹಣೆಗೆ ಒದ್ದೆ ಬಟ್ಟೆ ಹಾಕಿ, "ಜ್ವರ ಅಂದ್ರೆ ಸಾಕು. ಜಾಸ್ತಿ ನರಳ್ಬೇಡ ಮಾರಾಯ," ಎಂದಳು.

ಆಸ್ಪತ್ರೆ ಸೇರಿದವರನ್ನು ನೋಡಲು ಹೋಗದಿದ್ದರೆ ನೆಂಟಸ್ತಿಕೆ ಉಳಿದೀತೇ? ಸುದ್ದಿ ಕೇಳಿದ ಊರು ಎಳನೀರು, ಬನ್ನು ಹಿಡಿದು ಬಂದೇಬಿಟ್ಟಿತು. ಹುಲಿಗೆಮ್ಮನ ಅತ್ತಿಗೆ ಬಾಗಿಲಲ್ಲೇ ಎದೆ ಬಡಿದುಕೊಂಡು ಅತ್ತಳು. ಅದನ್ನು ನೋಡಿ ಹುಲಿಗೆಮ್ಮನಿಗೂ ತನ್ನ ಮೇಲೆ ಮರುಕ ಹುಟ್ಟಿ ಗೊಳೋ ಎಂದಳು. ಅಷ್ಟರಲ್ಲಿ ಜೀಪು ಬಂತು.

ಅಧಿಕಾರಿ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಈ ಕತೆ ಚೆನ್ನಾಗಿ ಮುಗಿಯುತ್ತಿತ್ತೋ ಏನೋ.

"ಪಾಪ, ಎಂಥಾ ಕಷ್ಟ! ಒಂದು ಮಂಚವೂ ಖಾಲಿ ಇಲ್ವಲ್ರೀ," ಎಂದು ಮರುಗಿದರು.

ನಸರುಲ್ಲಾ ಇನ್ನೇನು ನಿಟ್ಟುಸಿರು ಬಿಡಬೇಕು, ನೆರೆಯ ಹೆಂಗಸರು ಜಹಾನಾರಾಳನ್ನು ತೋಳು ಹಿಡಿದು ಕರೆತಂದರು. ನೋವು ಶುರುವಾಗಿತ್ತು.

"ರೀ, ಎಲ್ಲಿ ಮಲಗ್ಲಿ?" ಎಂದಳು ಅವಳು, ಮೂರು ಮಂಚಗಳನ್ನೂ ನೋಡಿ.

ನಿಜ ಹೇಳಿದರೆ ಬೀಗ, ಹೇಳದಿದ್ದರೆ ಹೆಂಡತಿಗೆ ಜಾಗವಿಲ್ಲ. ಹಿರಿಯಣ್ಣನಿಗೇ ತಡೆಯಲಾಗಲಿಲ್ಲ, ಕಂಬಳಿ ಕಿತ್ತೊಗೆದು ಎದ್ದು ಕೂತ.

"ಇಲ್ಲಿ ಮಲಕ್ಕೋ ತಾಯಿ. ನಂಗೇನೂ ಆಗಿಲ್ಲ!"

ಅಧಿಕಾರಿ ಓಡಿಬಂದು ಅವನ ಭುಜ ಅದುಮಿ ಮಲಗಿಸಿದರು. "ಏಳಬೇಡಿ! ಜ್ವರ ನೆತ್ತಿಗೇರಿದೆ ಇವರಿಗೆ."

"ದೇವರಾಣೆ ಸ್ವಾಮಿ, ನಾನು ಗುಂಡುಕಲ್ಲಿನ ಹಾಗಿದೀನಿ!"

"ನೋಡಿ, ಹೆಂಗೆ ಬಡಬಡಿಸ್ತಾ ಇದಾರೆ! ಪಾಪದವರನ್ನ ಏಳಿಸ್ಬೇಡಿ. ನನ್ನ ಜೀಪಿದೆ, ನಡೀರಿ ಭದ್ರಾವತಿಗೆ."

ಜಹಾನಾರಾಳನ್ನು ಜೀಪಿಗೆ ಹತ್ತಿಸಿದರು. ವಸಂತಮ್ಮನೂ ನಸರುಲ್ಲಾನೂ ಜೊತೆಗೆ ಕೂತರು. ಮೊದಲ ಮಗುವನ್ನು ಮಣ್ಣು ಮಾಡಿದ ತಿರುವು ಹತ್ತಿರವಾದಾಗ ಅವನು ಕಣ್ಣು ಮುಚ್ಚಿಕೊಂಡ. ಹೆಂಡತಿಯ ಕೈಯನ್ನು ಅವಳಿಗೇ ನೋಯುವಷ್ಟು ಬಿಗಿಯಾಗಿ ಹಿಡಿದಿದ್ದ. ಕಣ್ಣು ಬಿಟ್ಟಾಗ ಭದ್ರಾವತಿಯ ಕಾರ್ಖಾನೆಯ ಹೊಗೆ ಕಾಣುತ್ತಿತ್ತು.

ಸಂಜೆಗೆ ಅಲ್ಲಿನ ಆಸ್ಪತ್ರೆಯಲ್ಲಿ ಹೆಣ್ಣು ಮಗು. ತಾಯಿ, ಮಗು ಇಬ್ಬರೂ ಕ್ಷೇಮ. ಜಗಲಿಯಲ್ಲೇ ಕಾಯುತ್ತಿದ್ದ ಅಧಿಕಾರಿಯ ಎದುರು ನಸರುಲ್ಲಾ ಕೈಮುಗಿದು ಅತ್ತುಬಿಟ್ಟ.

"ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ ಸಾರ್."

"ಉಪಕಾರ ನಿಮ್ಮದು ಕಣ್ರೀ, ನನ್ನ ಕಣ್ಣು ತೆರೆಸಿದ್ರಿ," ಎಂದರು ಅಧಿಕಾರಿ ಅವನ ಬೆನ್ನು ತಟ್ಟಿ. "ಅಷ್ಟು ಕಾಯಿಲೆಯವರನ್ನ ಡಾಕ್ಟರಿಲ್ಲದ ಕಡೆ ಕೂಡಿಹಾಕೋದು ಪಾಪ. ಭದ್ರಾವತಿ ಇಷ್ಟು ಹತ್ತಿರ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಹತ್ತಿದ್ವಿ, ಇಳಿದ್ವಿ! ನಿಮ್ಮ ಆಸ್ಪತ್ರೆ ಮುಚ್ಚಿ, ಆ ಅನುದಾನಾನೂ ಇಲ್ಲಿಗೇ ಕೊಡಿ ಅಂತ ನಾಳೇನೇ ಬರೀತೀನಿ."

"ಸಾರ್, ಆದ್ರೆ ಜೀಪು..."

"ಹೌದು ಹೌದು, ಹೊತ್ತಾಯ್ತು. ನಾನಿನ್ನು ಶಿವಮೊಗ್ಗ ಸೇರ್ಬೇಕು," ಎಂದು ಅವರು ಜೀಪು ಹತ್ತಿದರು.

ಜೀಪು ಧೂಳೆಬ್ಬಿಸಿ ಹೋಯಿತು. ಬಾಣಂತಿಯನ್ನು ಊರಿಗೆ ಕರೆದೊಯ್ಯಬೇಕಲ್ಲ, ನಸರುಲ್ಲಾ ಕಣ್ಣೊರೆಸಿಕೊಂಡು ಎತ್ತಿನ ಗಾಡಿ ಹುಡುಕಲು ಹೊರಟ.